ಅಮೆರಿಕದ ಥರ್ಮೋಸ್ಟಾಟ್, ಕುವೆಂಪುನಗರದ ಗೋಡೆ

ಪ್ರಶ್ನೆ: ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿದೆ. ಮಗ ಡಲ್ಲಾಸ್‌ನಲ್ಲಿದ್ದಾನೆ. ಹೋದ ತಿಂಗಳು ಬಂದಾಗ ಗೂಗಲ್‌ನ ನೆಸ್ಟ್ ಲರ್ನಿಂಗ್ ಥರ್ಮೋಸ್ಟಾಟ್ ತಂದುಕೊಟ್ಟ, ಮೂರನೇ ತಲೆಮಾರಿನದು. ನಾನು ನಿವೃತ್ತನಾದ ಮೇಲೆ ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಮೇಲೆ, ಮನೆಯ ಸಾಮಾನುಗಳನ್ನು ನಡೆಸುವ ಹೋಮ್ ಅಸಿಸ್ಟೆಂಟ್ ಅನ್ನುವ ತಂತ್ರಾಂಶ ಹಾಕಿಕೊಂಡು ಲೈಟು, ಸಂಪಿನ ಮೋಟರು ಎಲ್ಲ ಅದರಲ್ಲೇ ನಡೆಸುತ್ತಿದ್ದೇನೆ. ಮನೆಯಲ್ಲಿ ಒಂದೂವರೆ ಟನ್ನಿನ ಎರಡು ಇನ್ವರ್ಟರ್ ಸ್ಪ್ಲಿಟ್ ಎಸಿ ಇವೆ, ಎರಡಕ್ಕೂ ವೈಫೈ ಇಲ್ಲ. ಬಾತ್‌ರೂಮಿನಲ್ಲಿ 15 ಲೀಟರಿನ ಗೀಸರ್, ತಾರಸಿ ಮೇಲೆ 200 ಲೀಟರಿನ ಸೋಲಾರ್. ನೆಸ್ಟನ್ನು ಎಸಿಗೂ ಗೀಸರಿಗೂ ಜೋಡಿಸಿ ಹೋಮ್ ಅಸಿಸ್ಟೆಂಟಿಗೆ ತರಬೇಕು ಅಂತ ಆಸೆ. ಎಲೆಕ್ಟ್ರಿಷಿಯನ್ ಅದನ್ನು ತಿರುಗಿಸಿ ನೋಡಿ, "ಸಾರ್, ಇದಕ್ಕೆ ಫೇಸ್ ಎಲ್ಲಿ ಕೊಡ್ಲಿ, ನ್ಯೂಟ್ರಲ್ ಎಲ್ಲಿ ಕೊಡ್ಲಿ?" ಅಂದು ಕೈಬಿಟ್ಟರು. ದಾರಿ ಇದೆಯೇ?

ಉತ್ತರ: ಮೊದಲು ಆ ಎಲೆಕ್ಟ್ರಿಷಿಯನ್‌ಗೆ ಒಂದು ಒಳ್ಳೆ ಕಾಫಿ ಕುಡಿಸಿ. ಗುರುತಿಲ್ಲದ ಸಾಮಾನಿಗೆ 230 ವೋಲ್ಟ್ ಕೊಡದೆ ಸುಮ್ಮನಾದರಲ್ಲ, ಅದಕ್ಕೆ. ಧೈರ್ಯ ಮಾಡಿ ಎರಡು ತಂತಿ ಸಿಕ್ಕಿಸಿದ್ದರೆ ನೆಸ್ಟ್ ಅವರ ಕೈಯಲ್ಲೇ ಸುಟ್ಟುಹೋಗುತ್ತಿತ್ತು.

ಅವರು ಕೇಳಿದ ಪ್ರಶ್ನೆಯೂ ಸರಿಯಾಗೇ ಇದೆ. ಅಮೆರಿಕದ ಮಾದರಿಯ ನೆಸ್ಟ್‌ನಲ್ಲಿ ಫೇಸೂ ಇಲ್ಲ, ನ್ಯೂಟ್ರಲ್ಲೂ ಇಲ್ಲ. ಅಲ್ಲಿನ ಮನೆಗಳಲ್ಲಿ ಸಾಮಾನ್ಯವಾಗಿ ಇಡೀ ಮನೆಗೆ ಒಂದೇ ಕುಲುಮೆ (ಮನೆ ಬೆಚ್ಚಗಿಡುವ ಯಂತ್ರ), ಒಂದೇ ಎಸಿ. ತಣ್ಣನೆ ಗಾಳಿಯೂ ಬಿಸಿ ಗಾಳಿಯೂ ಒಂದೇ ಕೊಳವೆಯಲ್ಲಿ ಎಲ್ಲ ರೂಮಿಗೂ ಹೋಗುತ್ತದೆ. ಆ ಯಂತ್ರಗಳಿಗೆ ತಮ್ಮಷ್ಟಕ್ಕೆ ರೂಮು ಎಷ್ಟು ಬಿಸಿ ಅಂತ ಗೊತ್ತಾಗುವುದಿಲ್ಲ. ಗೊತ್ತು ಮಾಡಿಸುವುದು ಗೋಡೆಯ ಮೇಲಿನ ಥರ್ಮೋಸ್ಟಾಟ್. ಅದಕ್ಕೆ ಬರುವುದು 24 ವೋಲ್ಟಿನ ಸಣ್ಣ ತಂತಿಗಳು. ಆರ್ ಅನ್ನುವ ತಂತಿಯಲ್ಲಿ ಕರೆಂಟ್ ಬರುತ್ತದೆ. ಅದನ್ನು ವೈ ತಂತಿಗೆ ಮುಟ್ಟಿಸಿದರೆ ಎಸಿ ಶುರು. ಡಬ್ಲ್ಯೂಗೆ ಮುಟ್ಟಿಸಿದರೆ ಕುಲುಮೆ, ಜಿಗೆ ಮುಟ್ಟಿಸಿದರೆ ಫ್ಯಾನು. ಸಿ ಅನ್ನುವುದು ವಾಪಸ್ ಹೋಗುವ ತಂತಿ. ಅಷ್ಟೇ ಕಣ್ರೀ. ಹೊಳೆಯುವ ಗಾಜು, ತಿರುಗುವ ಉಂಗುರ ಎಲ್ಲ ತೆಗೆದುಹಾಕಿದರೆ ಅದು ತುಂಬ ಬುದ್ಧಿ ಇರುವ ಕಾಲಿಂಗ್ ಬೆಲ್ ಸ್ವಿಚ್ಚು.

ನಿಮ್ಮ ಸ್ಪ್ಲಿಟ್ ಎಸಿಯ ಮನೆತನವೇ ಬೇರೆ. ಅದರ ಹೊಟ್ಟೆಯೊಳಗೇ ಒಂದು ಥರ್ಮೋಸ್ಟಾಟ್ ಇದೆ. ಗಾಳಿ ಒಳಗೆ ಎಳೆದುಕೊಳ್ಳುವ ಜಾಗದಲ್ಲಿ ಒಂದು ಸಣ್ಣ ಸೆನ್ಸರ್ ಕೂತಿರುತ್ತದೆ. ಅದನ್ನು ನೋಡಿಕೊಂಡು ಒಳಗಿನ ಬೋರ್ಡು ಹೊರಗಿನ ಯೂನಿಟ್‌ಗೆ ಕಂಪ್ರೆಸರನ್ನು ಎಷ್ಟು ವೇಗದಲ್ಲಿ ಓಡಿಸಬೇಕು ಅಂತ ಹೇಳುತ್ತಲೇ ಇರುತ್ತದೆ. ನೆಸ್ಟ್‌ಗೆ ಗೊತ್ತಿರುವುದು ‘ಓಡು’, ‘ನಿಲ್ಲು’ ಎರಡೇ ಮಾತು. ಆ ಮಾತು ಕೇಳಿಸಿಕೊಳ್ಳುವ ಟರ್ಮಿನಲ್ ನಿಮ್ಮ ಎಸಿಯಲ್ಲಿ ಇಲ್ಲ.

ಹಠ ಹಿಡಿದರೆ ದಾರಿ ಇಲ್ಲದಿಲ್ಲ. 24 ವೋಲ್ಟಿನ ಆಲ್ಟರ್ನೇಟಿಂಗ್ ಕರೆಂಟ್ ಕೊಡುವ ಸಣ್ಣ ಟ್ರಾನ್ಸ್‌ಫಾರ್ಮರ್ ತಂದು ಆರ್ ಮತ್ತು ಸಿಗೆ ಕೊಟ್ಟರೆ ನೆಸ್ಟ್‌ಗೆ ಜೀವ ಬರುತ್ತದೆ. ವೈ ತಂತಿಗೆ ಒಂದು ರಿಲೇ (ಕರೆಂಟ್ ಬಂದರೆ ತಾನೇ ಬಡಿಯುವ ಸ್ವಿಚ್ಚು), ರಿಲೇ ಬಡಿದಾಗ ಒಂದು ಇಎಸ್‌ಪಿ ಬೋರ್ಡು, ಅಂದರೆ ವೈಫೈ ಇರುವ ಪುಟ್ಟ ಸರ್ಕೀಟು, ಎಸಿಗೆ ರಿಮೋಟಿನ ಸಂಕೇತ ಕಳಿಸುವುದು. ಹವ್ಯಾಸಿಗಳು ಮಾಡಿದ್ದಾರೆ. ನಾನು ಬೇಡ ಅನ್ನುತ್ತೇನೆ. ಆ ಇಎಸ್‌ಪಿ ಬೋರ್ಡು ನೇರವಾಗಿ ಹೋಮ್ ಅಸಿಸ್ಟೆಂಟಿನ ಮಾತು ಕೇಳುತ್ತದೆ, ನಡುವೆ ನೆಸ್ಟ್ ಯಾಕೆ ಹೇಳಿ? ಜೊತೆಗೆ, ನಿಮ್ಮ ಮಾದರಿಯ ನೆಸ್ಟನ್ನು ಹೋಮ್ ಅಸಿಸ್ಟೆಂಟಿಗೆ ತರಲು ಗೂಗಲ್‌ಗೆ 5 ಡಾಲರ್ ಕಟ್ಟಿ ಅನುಮತಿ ತೆಗೆದುಕೊಳ್ಳಬೇಕು. ಆಮೇಲೂ ಪ್ರತಿ ಮಾತೂ ಗೂಗಲ್‌ನ ಸರ್ವರಿಗೆ ಹೋಗಿ ಬರಬೇಕು. ನೆಟ್ ಹೋದರೆ ಪಕ್ಕದ ಗೋಡೆಯ ಡಬ್ಬಿಯ ಜೊತೆ ನಿಮ್ಮ ಪೈ ಮಾತಾಡುವುದಿಲ್ಲ. ಇನ್ನೊಂದು ವಿಷಯ. ನೆಸ್ಟ್‌ನ ಮೊದಲ ಎರಡು ತಲೆಮಾರುಗಳಿಗೆ 2025ರ ಅಕ್ಟೋಬರ್ 25ರಿಂದ ಗೂಗಲ್ ಆ್ಯಪಿನ ನಂಟನ್ನೇ ಕಿತ್ತುಹಾಕಿತು. ನಿಮ್ಮದು ಅದರ ನಂತರದ್ದು. ಆದರೂ ಹೊಸದಾಗಿ ತಂತಿ ಎಳೆಯುವ ಮೊದಲು ಯೋಚಿಸಬೇಕಾದ ಮಾತು.

ಸರಿ, ಹಾಗಾದರೆ ಏನು ಮಾಡುವುದು?

ನಮ್ಮಜ್ಜಿ ಬಚ್ಚಲ ಹಂಡೆಗೆ ಬೆರಳು ಅದ್ದುತ್ತಿದ್ದರು. "ಸಾಕು" ಅಂದುಕೊಳ್ಳುತ್ತಿದ್ದರು. ಒಲೆಯಿಂದ ಒಂದು ಸೌದೆ ಹಿಂದಕ್ಕೆ ಎಳೆಯುತ್ತಿದ್ದರು. ಥರ್ಮೋಸ್ಟಾಟ್ ಮಾಡುವುದೂ ಇದೇ ಮೂರು ಕೆಲಸ: ನೋಡುವುದು, ತೀರ್ಮಾನ ಮಾಡುವುದು, ಬೆಂಕಿ ಎಳೆಯುವುದು. ನೆಸ್ಟ್‌ನಲ್ಲಿ ಮೂರೂ ಒಂದೇ ಡಬ್ಬಿಯಲ್ಲಿವೆ. ನಿಮ್ಮ ಮನೆಯಲ್ಲಿ ಬೇರೆ ಬೇರೆ ಇರಲಿ. ತೀರ್ಮಾನ ಮಾಡುವ ಅಜ್ಜಿ ಈಗಾಗಲೇ ಇದ್ದಾರೆ, ಅದೇ ನಿಮ್ಮ ಹೋಮ್ ಅಸಿಸ್ಟೆಂಟ್. ಬೇಕಾಗಿರುವುದು ಬೆರಳು ಮತ್ತು ಸೌದೆ ಎಳೆಯುವ ಕೈ.

ಕೈಯಿಂದ ಶುರು ಮಾಡೋಣ, ಯಾಕೆಂದರೆ ಎಡವುವುದೆಲ್ಲ ಅಲ್ಲೇ.

ಎಸಿಯ ಮಟ್ಟಿಗೆ ಕೈ ಅಂದರೆ ಐಆರ್ ಬ್ಲಾಸ್ಟರ್. ರಿಮೋಟಿನ ಹಾಗೆ ಕಣ್ಣಿಗೆ ಕಾಣದ ಬೆಳಕು ಬಿಡುವ ಪುಟ್ಟ ಡಬ್ಬಿ. ಬ್ರಾಡ್‌ಲಿಂಕ್ ಕಂಪನಿಯದು ಆಗಬಹುದು, ಟುಯಾ ಕಂಪನಿಯ ತಂತ್ರಾಂಶ ಒಳಗಿರುವ ಅಗ್ಗದ್ದೂ ಆಗಬಹುದು. ಕೈಕೆಲಸದ ಹುಚ್ಚಿದ್ದರೆ ಇಎಸ್‌ಪಿ32 ಬೋರ್ಡಿಗೆ ಐಆರ್ ಎಲ್‌ಇಡಿ ಬೆಸುಗೆ ಹಾಕಿಕೊಂಡು ನೀವೇ ಮಾಡಬಹುದು. ಬೆಳಕು ಗೋಡೆ ದಾಟುವುದಿಲ್ಲ, ಹಾಗಾಗಿ ಎಸಿ ಇರುವ ರೂಮಿಗೆ ಒಂದೊಂದು ಬೇಕು. ಎಸಿಯ ಮೂತಿ ನೇರ ಕಾಣುವ ಹಾಗಿಡಿ. ಟಿವಿ ಹಿಂದೆ ಅವಿಸಿಟ್ಟು "ಕೆಲಸ ಮಾಡಲ್ಲ" ಅಂತ ಫೋನ್ ಮಾಡುವವರು ಜಾಸ್ತಿ.

ಎಸಿ ರಿಮೋಟಿಗೂ ಟಿವಿ ರಿಮೋಟಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಟಿವಿ ರಿಮೋಟು ಒತ್ತಿದ ಗುಂಡಿಯನ್ನಷ್ಟೇ ಹೇಳುತ್ತದೆ, ‘ವಾಲ್ಯೂಮ್ ಜಾಸ್ತಿ’ ಅಂತ. ಎಸಿ ರಿಮೋಟು ಪ್ರತಿ ಸಲವೂ ಇಡೀ ಪುರಾಣ ಓದುತ್ತದೆ: ಆನ್, ಕೂಲ್, 26 ಡಿಗ್ರಿ, ಫ್ಯಾನ್ ಕಡಿಮೆ, ರೆಕ್ಕೆ ಆಡಲಿ. ನೀವು ಒಂದು ಡಿಗ್ರಿ ಏರಿಸಿದರೂ ಎಲ್ಲವೂ ಮತ್ತೆ ಹೋಗುತ್ತದೆ. ಅದಕ್ಕೇ 26ರ ಗುಂಡಿಯೊಂದನ್ನು ಬ್ಲಾಸ್ಟರಿಗೆ ಕಲಿಸಿಟ್ಟುಕೊಂಡರೆ ಸಾಲದು. ಪ್ರತಿ ಡಿಗ್ರಿ, ಪ್ರತಿ ಫ್ಯಾನ್ ವೇಗಕ್ಕೂ ಬೇರೆ ಸಂಕೇತ ಬೇಕು. ಈ ಕೂಲಿ ಕೆಲಸವನ್ನು ಬೇರೆಯವರು ಮಾಡಿಟ್ಟಿದ್ದಾರೆ. ಹೋಮ್ ಅಸಿಸ್ಟೆಂಟಿಗೆ ಸೇರಿಸಿಕೊಳ್ಳುವ ಸ್ಮಾರ್ಟ್‌ಐಆರ್ ಅನ್ನುವ ಇಂಟಿಗ್ರೇಷನ್‌ನಲ್ಲಿ ಬಹಳಷ್ಟು ಎಸಿಗಳ ಸಂಕೇತದ ಪಟ್ಟಿಗಳಿವೆ. ಆ ಪಟ್ಟಿಯಲ್ಲಿ ನಿಮ್ಮ ಮಾದರಿಗೆ ಇರುವ ಕೋಡ್ ನಂಬರ್ ಹಾಕಿದರೆ ಹೋಮ್ ಅಸಿಸ್ಟೆಂಟಿನಲ್ಲಿ ಥರ್ಮೋಸ್ಟಾಟಿನ ಗುಂಡನೆ ಕಾರ್ಡು ಬಂದು ಕೂರುತ್ತದೆ. ಹೆಚ್ಚುಕಡಿಮೆ ನೆಸ್ಟ್‌ನ ಮುಖವೇ.

ಇಲ್ಲಿಗೆ ಕೆಲಸ ಮುಗಿಯಿತು ಅಂತ ನಾನೂ ಒಮ್ಮೆ ಅಂದುಕೊಂಡಿದ್ದೆ. ನಮ್ಮ ಮನೆಯ ಹಳೇ ಎಸಿಯಲ್ಲಿ ಆನ್‌ಗೂ ಆಫ್‌ಗೂ ಒಂದೇ ಸಂಕೇತ. ಮನೆಯಲ್ಲಿ ಅರ್ಧ ಗಂಟೆ ಯಾರೂ ಇಲ್ಲದಿದ್ದರೆ ಎಸಿ ಆಫ್ ಆಗಲಿ ಅಂತ ಒಂದು ಆಟೊಮೇಷನ್ ಬರೆದಿದ್ದೆ. ಮಂಡ್ಯದಲ್ಲಿ ನೆಂಟರ ಮದುವೆ. ಹೊರಡುವಾಗ ಅಮ್ಮ ಅಭ್ಯಾಸದಂತೆ ರಿಮೋಟ್ ಹಿಡಿದು ಎಸಿ ಆಫ್ ಮಾಡಿ ಬಾಗಿಲು ಹಾಕಿದರು. ಇದು ಹೋಮ್ ಅಸಿಸ್ಟೆಂಟಿಗೆ ಗೊತ್ತಿಲ್ಲ. ಅದರ ಲೆಕ್ಕದಲ್ಲಿ ಎಸಿ ಇನ್ನೂ ಓಡುತ್ತಿದೆ. ನಾವು ಶ್ರೀರಂಗಪಟ್ಟಣದ ಹತ್ತಿರ ಇರುವಾಗ ಅದು ಶಿಸ್ತಾಗಿ ‘ಆಫ್’ ಸಂಕೇತ ಕಳಿಸಿತು. ಆಫ್ ಆಗಿದ್ದ ಎಸಿ ಆನ್ ಆಯಿತು. ಎರಡು ದಿನ ಖಾಲಿ ಮನೆ ತಣ್ಣಗಾಯಿತು. ವಾಪಸ್ ಬಂದು ಬಾಗಿಲು ತೆಗೆದವರೇ ಅಮ್ಮ, "ಇದೇನೋ ಇದು, ಹೂವು ಇಡೋ ಫ್ರಿಜ್ಜು ಮಾಡಿದೀಯ ಮನೇನ" ಅಂದರು. ಫೋನಿನಲ್ಲಿ ಮಾತ್ರ ಆ ಎರಡು ದಿನವೂ ‘ಆಫ್’ ಅಂತಲೇ ತೋರಿಸುತ್ತಿತ್ತು.

ತಪ್ಪು ಬ್ಲಾಸ್ಟರಿನದಲ್ಲ. ಅದು ಹೇಳುತ್ತದೆ, ಕೇಳುವುದಿಲ್ಲ. ಎಸಿ ಏನು ಮಾಡುತ್ತಿದೆ ಅಂತ ತಿಳಿಯಲು ಬೇರೆ ಕಣ್ಣು ಬೇಕು. ಮೂರು ದಾರಿ ನಾನು ಬಳಸಿ ನೋಡಿದ್ದೇನೆ.

ಎಲ್ಲಕ್ಕಿಂತ ಗಟ್ಟಿ ಅಂದರೆ ಎಸಿಯ ಲೈನಿಗೆ ಸಿಟಿ ಕಾಯಿಲ್ ಇರುವ ಎನರ್ಜಿ ಮೀಟರ್ ಹಾಕಿಸುವುದು. ಡಿಬಿ ಬಾಕ್ಸಿನಲ್ಲಿ ಎಸಿಯ ಎಂಸಿಬಿಯಿಂದ (ಟ್ರಿಪ್ ಆಗುವ ಸ್ವಿಚ್ಚು) ಹೊರಡುವ ತಂತಿಯ ಸುತ್ತ ಕರೆಂಟ್ ಅಳೆಯುವ ಒಂದು ಬಳೆ, ಅಷ್ಟೇ. 50 ವ್ಯಾಟ್ ದಾಟಿದರೆ ಎಸಿ ಆನ್ ಅಂತ ತಿಳಿ ಎಂದು ಹೋಮ್ ಅಸಿಸ್ಟೆಂಟಿಗೆ ಹೇಳಿಕೊಡಿ. ಅದನ್ನು ಸ್ಮಾರ್ಟ್‌ಐಆರ್‌ಗೆ ಪವರ್ ಸೆನ್ಸರ್ ಅಂತ ತೋರಿಸಿದರೆ ಅಮ್ಮ ರಿಮೋಟು ಒತ್ತಿದ್ದೂ ಅದಕ್ಕೆ ತಿಳಿಯುತ್ತದೆ. ಇದನ್ನು ಹಾಕುವುದು ಎಲೆಕ್ಟ್ರಿಷಿಯನ್ ಕೆಲಸ, ಯೂಟ್ಯೂಬ್ ನೋಡಿ ನೀವು ಕೈ ಹಾಕಬೇಡಿ.

ಎರಡನೆಯದು ನೀವೇ ಮಾಡುವ ಇಎಸ್‌ಪಿ ಬೋರ್ಡಿನ ದಾರಿ. ಐಆರ್ ಎಲ್‌ಇಡಿ ಜೊತೆ ಒಂದು ಐಆರ್ ರಿಸೀವರ್ ಕೂಡ ಹಾಕಿ. ಆ ಬೋರ್ಡಿಗೆ ಹಾಕುವ ಇಎಸ್‌ಪಿಹೋಮ್ ಅನ್ನುವ ತಂತ್ರಾಂಶದಲ್ಲಿ ಹಲವು ಬ್ರಾಂಡಿನ ಎಸಿಗಳಿಗೆ, ಯಾರಾದರೂ ಅಸಲಿ ರಿಮೋಟು ಒತ್ತಿದರೆ ಆ ಸಂಕೇತವನ್ನು ಕದ್ದು ಕೇಳಿ ತನ್ನ ಲೆಕ್ಕ ತಿದ್ದಿಕೊಳ್ಳುವ ಅನುಕೂಲ ಇದೆ. ನಿಮ್ಮ ಬ್ರಾಂಡಿಗೆ ಇದ್ದರೆ ಇದು ಬಲು ಚೆಂದ.

ಮೂರನೆಯದು ಬಡವರ ದಾರಿ. ಎಸಿಯ ಗಾಳಿ ಹೊರಬರುವ ಕಿಂಡಿಯ ಹತ್ತಿರ ಒಂದು ಸಣ್ಣ ಟೆಂಪರೇಚರ್ ಸೆನ್ಸರ್ ಅಂಟಿಸಿ. ಅಲ್ಲಿಯ ಗಾಳಿ ರೂಮಿನ ಗಾಳಿಗಿಂತ ಏಳೆಂಟು ಡಿಗ್ರಿ ತಣ್ಣಗಿದ್ದರೆ ಎಸಿ ಕೆಲಸ ಮಾಡುತ್ತಿದೆ ಅಂತ ಅರ್ಥ. ಐದು ನಿಮಿಷ ತಡವಾಗಿ ತಿಳಿಯುತ್ತದೆ, ಪರವಾಗಿಲ್ಲ.

ಒಂದು ಕೆಲಸ ಮಾತ್ರ ಮಾಡಬೇಡಿ: ಎಸಿಗೆ ಸ್ಮಾರ್ಟ್ ಪ್ಲಗ್ ಹಾಕಿ ಅದರಿಂದಲೇ ಆನ್-ಆಫ್ ಮಾಡುವುದು. ಓಡುತ್ತಿರುವ ಕಂಪ್ರೆಸರಿನ ಕರೆಂಟ್ ಕಿತ್ತರೆ ಅದಕ್ಕೆ ಒಳ್ಳೆಯದಲ್ಲ. ಬೇಸಗೆಯಲ್ಲಿ ಗಂಟೆಗಟ್ಟಲೆ ಜೋರು ಕರೆಂಟ್ ಹರಿಯುವಾಗ ಅಗ್ಗದ ಪ್ಲಗ್ಗು ಕರಗಿದ್ದನ್ನೂ ನೋಡಿದ್ದೇನೆ.

ಈಗ ಬೆರಳು. ಅಂದರೆ ಟೆಂಪರೇಚರ್ ಸೆನ್ಸರ್. ಜಿಗ್ಬೀ ಅನ್ನುವ, ಕಡಿಮೆ ಕರೆಂಟಿನ ವೈರ್‌ಲೆಸ್ ಮಾದರಿಯದು ತೆಗೆದುಕೊಳ್ಳಿ. ಗುಂಡಿ ಸೆಲ್ಲಿನಲ್ಲಿ ತಿಂಗಳುಗಟ್ಟಲೆ ಬರುತ್ತದೆ, ತೇವಾಂಶವನ್ನೂ ಹೇಳುತ್ತದೆ. ಯಾವುದನ್ನು ಕೊಂಡಿರಿ ಅನ್ನುವುದಕ್ಕಿಂತ ಎಲ್ಲಿ ಇಟ್ಟಿರಿ ಅನ್ನುವುದೇ ಇಲ್ಲಿ ಮುಖ್ಯ. ಮೈಸೂರಿನಲ್ಲಿ ಏಪ್ರಿಲ್ ಮಧ್ಯಾಹ್ನ ಪಶ್ಚಿಮದ ಗೋಡೆ ಕೈಯಿಟ್ಟರೆ ಬೆಚ್ಚಗಿರುತ್ತದೆ. ತಾರಸಿಯ ಆರ್‌ಸಿಸಿ ರಾತ್ರಿ ಹತ್ತರವರೆಗೂ ಬಿಸಿ ಉಗುಳುತ್ತದೆ. ಆ ಗೋಡೆಗೆ ಸೆನ್ಸರ್ ಅಂಟಿಸಿದರೆ ಅದು ಅಳೆಯುವುದು ಇಟ್ಟಿಗೆಯನ್ನು, ನಿಮ್ಮನ್ನಲ್ಲ. ಫ್ರಿಜ್ಜಿನ ಪಕ್ಕ, ರೂಟರಿನ ಮೇಲೆ, ಎಸಿ ಗಾಳಿ ನೇರ ಬೀಸುವ ಕಡೆ ಕೂಡ ಬೇಡ. ಮಲಗುವ ರೂಮಾದರೆ ಮಂಚದ ತಲೆಯ ಎತ್ತರ ಸಾಕು, ಬೀರುವಿನ ಬದಿಗೆ ಅಂಟಿಸಿ. ಎಸಿಯ ಒಳಗಿನ ಸೆನ್ಸರ್ ಸೀಲಿಂಗಿನ ಹತ್ತಿರ, ಬಿಸಿ ಗಾಳಿಯಲ್ಲಿ ಇದೆ. ಅದು 26 ಅಂದುಕೊಳ್ಳುವಾಗ ಹಾಸಿಗೆಯಲ್ಲಿ 24 ಇದ್ದರೂ ಆಶ್ಚರ್ಯ ಇಲ್ಲ. ಬೆಳಗಿನ ಜಾವ ಎದ್ದು ಕಂಬಳಿ ಹುಡುಕುವುದು ಇದರಿಂದಲೇ.

ಇನ್ನು ಅಜ್ಜಿಯ ತೀರ್ಮಾನ. ಹೋಮ್ ಅಸಿಸ್ಟೆಂಟಿನಲ್ಲಿ ಜನರಿಕ್ ಥರ್ಮೋಸ್ಟಾಟ್ ಅಂತ ಒಂದಿದೆ. ರೂಮು ಬಿಸಿಯಾದರೆ ಸ್ವಿಚ್ ಆನ್, ತಣ್ಣಗಾದರೆ ಆಫ್. ಎಲ್ಲರೂ ಮೊದಲು ಅದನ್ನೇ ಹಿಡಿಯುತ್ತಾರೆ. ಹಳೇ ಕಾಲದ ಒಂದೇ ವೇಗದ ಎಸಿಗೆ ಸರಿ. ನಿಮ್ಮದು ಇನ್ವರ್ಟರ್, ಅದಕ್ಕೆ ಬೇಡ. ಇನ್ವರ್ಟರ್ ಎಸಿ ಶುರುವಿನಲ್ಲಿ ಒಂದೂವರೆ ಸಾವಿರ ವ್ಯಾಟ್ ಎಳೆದರೂ ರೂಮು ತಣ್ಣಗಾದ ಮೇಲೆ ವೇಗ ತಗ್ಗಿಸಿ ಮುನ್ನೂರು ನಾನ್ನೂರು ವ್ಯಾಟಿನಲ್ಲಿ ತೆವಳುತ್ತದೆ. ಉಳಿತಾಯ ಇರುವುದೇ ಆ ತೆವಳುವಿಕೆಯಲ್ಲಿ. ನೀವು ಹೊರಗಿನಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಆಫ್ ಮಾಡಿ ಆನ್ ಮಾಡಿದರೆ ಪ್ರತಿ ಸಲವೂ ಅದು ಮತ್ತೆ ಓಟದಿಂದಲೇ ಶುರು ಮಾಡಬೇಕು. ದುಡ್ಡು ಕೊಟ್ಟು ಇನ್ವರ್ಟರ್ ತಂದು ಅದನ್ನು ಹಳೇ ಎಸಿ ಮಾಡಿದ ಹಾಗೆ.

ಹಾಗಾಗಿ ನಿಮ್ಮ ಆಟೊಮೇಷನ್ ಎಸಿಯನ್ನು ಆನ್-ಆಫ್ ಮಾಡುತ್ತಾ ಕೂರುವುದು ಬೇಡ, ಅದರ ಡಿಗ್ರಿಯನ್ನು ಮಾತ್ರ ಮೆಲ್ಲಗೆ ತಿದ್ದಲಿ. ನಮ್ಮ ಮನೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೀಗಿದೆ. ರಾತ್ರಿ ಹತ್ತಕ್ಕೆ ರೂಮು 29 ದಾಟಿದ್ದರೆ ಮಾತ್ರ ಎಸಿ ಶುರು, 25ಕ್ಕೆ. ಹಾಸಿಗೆಯ ಸೆನ್ಸರ್ 26ಕ್ಕೆ ಇಳಿದ ಮೇಲೆ ಎಸಿಯನ್ನು 27ಕ್ಕೆ ಏರಿಸಿ ಫ್ಯಾನನ್ನು ಎರಡರಲ್ಲಿ ಓಡಿಸುತ್ತದೆ. ಮೂರು ಗಂಟೆಗೆ ಹೊರಗಿನ ಸೆನ್ಸರ್ 23 ಅಂದರೆ ಎಸಿ ಆಫ್, ಫ್ಯಾನಷ್ಟೇ. ನಮ್ಮೂರಿನ ಪುಣ್ಯ ಅದು. ಹಗಲು 35 ಮುಟ್ಟಿದರೂ ಬೆಳಗಿನ ಜಾವಕ್ಕೆ ತಂಪು ಬರುತ್ತದೆ, ಕಿಟಕಿ ತೆಗೆದರೆ ಸಾಕು. ಒಂದು ಡಿಗ್ರಿ ಮೇಲಿಟ್ಟರೆ ಸುಮಾರು ಶೇಕಡಾ 6ರಷ್ಟು ಕರೆಂಟ್ ಉಳಿಯುತ್ತದೆ ಅನ್ನುವುದು ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಬಿಇಇ ಕೊಡುವ ಲೆಕ್ಕ. 2020ರ ಜನವರಿಯಿಂದ ಹೊಸ ಎಸಿಗಳು 24ರಲ್ಲೇ ಶುರುವಾಗಬೇಕು ಅಂತ ನಿಯಮ ಬಂದದ್ದೂ ಅದಕ್ಕೇ.

ನಿಮ್ಮ ಊರಿನ ಮೀಟರಿನ ಲೆಕ್ಕವೂ ಇದೆ. ಗೃಹಜ್ಯೋತಿಯಲ್ಲಿ ನೀವಿದ್ದರೆ ತಿಂಗಳಿಗೆ 200 ಯೂನಿಟ್ ದಾಟಿದ ಕೂಡಲೇ ಇಡೀ ಬಿಲ್ಲು ನಿಮ್ಮ ತಲೆಗೆ. ಒಂದು ಎಸಿ ಸರಾಸರಿ 600 ವ್ಯಾಟಿನಲ್ಲಿ ರಾತ್ರಿ ಆರು ಗಂಟೆ ಓಡಿದರೆ ದಿನಕ್ಕೆ 3.6 ಯೂನಿಟ್, ತಿಂಗಳಿಗೆ 108. ಮಿಕ್ಕ ಮನೆಗೆ ಉಳಿಯುವುದು 92. ಎರಡನೇ ಎಸಿಯೂ ಓಡಿದರೆ ಗೀಸರ್, ಫ್ರಿಜ್ಜಿನ ಮಾತೇ ಬೇಡ. ಎಸಿಗೆ ಹಾಕಿದ ಹಾಗೆಯೇ ಮನೆಯ ಮೇನ್ ಲೈನಿಗೂ ಒಂದು ಸಿಟಿ ಕಾಯಿಲ್ ಹಾಕಿಸಿ. ತಿಂಗಳ ಯೂನಿಟ್ ಎಣಿಸುವ, ಹೋಮ್ ಅಸಿಸ್ಟೆಂಟಿನ ಯುಟಿಲಿಟಿ ಮೀಟರನ್ನು ಸೆಸ್ಕ್‌ನವರು ರೀಡಿಂಗ್ ತೆಗೆದುಕೊಳ್ಳುವ ದಿನಕ್ಕೆ ಹೊಂದಿಸಿ. 150 ಆದಾಗ ಫೋನಿಗೆ ಒಂದು ಮೆಸೇಜು. ಇಷ್ಟು ಉಪಯೋಗ ನನಗೆ ಬೇರೆ ಯಾವ ಆಟೊಮೇಷನ್‌ನಿಂದಲೂ ಆಗಿಲ್ಲ.

ಗೀಸರಿಗೆ ಬರೋಣ. ಗೀಸರಿನ ಒಳಗೂ ಥರ್ಮೋಸ್ಟಾಟ್ ಇದೆ, ಅದು ಕೈಕೊಟ್ಟರೆ ಕರೆಂಟ್ ಕಡಿಯುವ ಕಟೌಟ್ ಬೇರೆ ಇದೆ. ಇವೆರಡನ್ನೂ ಯಾವ ಕಾರಣಕ್ಕೂ ಮುಟ್ಟಬೇಡಿ, ಬೈಪಾಸ್ ಮಾಡಿಸಬೇಡಿ. ನಿಮಗೆ ಬೇಕಾಗಿರುವುದು ಟೈಮರ್ ಮಾತ್ರ. 2 ಕಿಲೋವ್ಯಾಟ್ ಗೀಸರ್ ಒಂಬತ್ತು ಆಂಪಿಯರಿನ ಹತ್ತಿರ ಎಳೆಯುತ್ತದೆ. ನಿಜವಾಗಿಯೂ 16 ಆಂಪಿಯರ್ ತಡೆಯುವ ಸ್ಮಾರ್ಟ್ ಸ್ವಿಚ್ ಹಾಕಿಸಿ, ಅಥವಾ ಸಣ್ಣ ಸ್ವಿಚ್ಚಿನಿಂದ ಕಂಟಾಕ್ಟರ್ (ಭಾರಿ ಕರೆಂಟ್ ತಡೆಯುವ ದೊಡ್ಡ ರಿಲೇ) ಎಳೆಸಿ. ಬಾತ್‌ರೂಮಿನ ಹೊರಗೆ, ನೀರು ಸಿಡಿಯದ ಕಡೆ. 15 ಲೀಟರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು ಇಪ್ಪತ್ತು ನಿಮಿಷದ ಮೇಲೆ ಸ್ವಲ್ಪ ಸಾಕು. ಅರ್ಧ ಗಂಟೆ ಆದರೆ ತಾನೇ ಆಫ್ ಆಗಲಿ. ಗೀಸರ್ ಆನ್ ಮಾಡಿ ಮರೆತು ಪೇಪರ್ ಓದುತ್ತಾ ಕೂರುವ ನಮ್ಮಂಥವರಿಗೆ ಇದೇ ದೊಡ್ಡ ವರ.

ಸೋಲಾರಿನ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಜೂನ್, ಜುಲೈಯಲ್ಲಿ ಮೋಡ ಕವಿದಾಗ ಸೋಲಾರ್ ಟ್ಯಾಂಕಿನ ಬ್ಯಾಕಪ್ ಕಾಯಿಲನ್ನು ಆಟೊಮೇಷನ್‌ಗೆ ಕೊಡಬೇಕು ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. 200 ಲೀಟರನ್ನು ಬರೀ ಹತ್ತು ಡಿಗ್ರಿ ಏರಿಸಲು 2.3 ಯೂನಿಟ್ ಬೇಕು, 2 ಕಿಲೋವ್ಯಾಟ್ ಕಾಯಿಲಿಗೆ ಎಪ್ಪತ್ತು ನಿಮಿಷ. ಮನೆಯಲ್ಲಿ ಇಬ್ಬರೇ ಇದ್ದರೆ ಅಷ್ಟು ನೀರು ಯಾರಿಗೆ? ಬದಲಿಗೆ ಸೋಲಾರಿನಿಂದ ಬರುವ ಪೈಪಿಗೆ ಡಿಎಸ್18ಬಿ20 ಅನ್ನುವ ಟೆಂಪರೇಚರ್ ಸೆನ್ಸರ್ ಕಟ್ಟಿ, ನೀರು ಬಿದ್ದರೂ ಕೆಡದ ಕವಚ ಇರುವಂಥದ್ದು. ಪೈಪು ಟ್ಯಾಂಕಿನ ಬಾಯಿಗೆ ಅಂಟಿಕೊಂಡಿರುವ ಕಡೆ ಕಟ್ಟಬೇಕು, ಕೆಳಗೆ ಕಟ್ಟಿದರೆ ರಾತ್ರಿ ತಣ್ಣಗಾದ ಪೈಪನ್ನು ಅಳೆಯುತ್ತದೆ. ಬೆಳಗ್ಗೆ ಐದೂವರೆಗೆ ಅದು 40ಕ್ಕಿಂತ ಕಡಿಮೆ ಇದ್ದರೆ ಕೆಳಗಿನ ಗೀಸರ್ ಆನ್. ಬಿಸಿಲಿದ್ದ ದಿನ ಗೀಸರ್ ಏಳುವುದೇ ಇಲ್ಲ.

ಸಣ್ಣಪುಟ್ಟವು ಕೆಲವಿವೆ. ಬ್ಲಾಸ್ಟರುಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ, ರೂಟರಿನಲ್ಲಿ ಅದಕ್ಕೊಂದು ಬೇರೆ ಹೆಸರು ಕೊಡಿ. ಜಿಗ್ಬೀ ಡಾಂಗಲನ್ನು (ಸೆನ್ಸರುಗಳ ಮಾತು ಕೇಳುವ ಯುಎಸ್‌ಬಿ ಕಡ್ಡಿ) ಪೈಗೆ ನೇರ ಸಿಕ್ಕಿಸದೆ ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರಿನ ತುದಿಗೆ ಹಾಕಿ, ಅರ್ಧ ತೊಂದರೆ ಹೋಗುತ್ತದೆ. ಪೈಯನ್ನೂ ರೂಟರನ್ನೂ ಯುಪಿಎಸ್ ಲೈನಿಗೆ ಕೊಡಿ. ಮೆಮೊರಿ ಕಾರ್ಡಿನಲ್ಲಿ ಓಡಿಸುತ್ತಿದ್ದರೆ ಎಸ್‌ಎಸ್‌ಡಿಗೆ ಬದಲಿಸಿ, ನಾಲ್ಕು ಸಲ ಕರೆಂಟ್ ಹೋಗಿ ಬಂದರೆ ಕಾರ್ಡು ಮಲಗುತ್ತದೆ. ಕರೆಂಟ್ ಬಂದ ಮೇಲೆ ಎಸಿ ತಾನೇ ಶುರುವಾಗುವ ಮಾದರಿಯದಾದರೆ, ಐದು ನಿಮಿಷ ಬಿಟ್ಟು ಹೋಮ್ ಅಸಿಸ್ಟೆಂಟ್ ಒಮ್ಮೆ ಮೀಟರ್ ನೋಡಿ ಲೆಕ್ಕ ಸರಿ ಮಾಡಿಕೊಳ್ಳಲಿ.

ರಿಮೋಟನ್ನು ಮಾತ್ರ ಎತ್ತಿಡಬೇಡಿ. ಅದು ಇದ್ದ ಮೊಳೆಯಲ್ಲೇ ಇರಲಿ. ಮನೆಯವರು ಯಾರಾದರೂ ಕೈಯಾರೆ ಡಿಗ್ರಿ ಬದಲಿಸಿದರೆ ಮುಂದಿನ ಎರಡು ಗಂಟೆ ಆಟೊಮೇಷನ್ ಬಾಯಿ ಮುಚ್ಚಿಕೊಂಡಿರಬೇಕು ಅಂತ ಒಂದು ನಿಯಮ ಬರೆಯಿರಿ. ಸೆಕೆ ಅಂತ ಒತ್ತಿದವರ ಎದುರು ಯಂತ್ರ ತಿರುಗಿ ಮಾತಾಡಿದರೆ, ಮಾರನೇ ದಿನವೇ ಬ್ಲಾಸ್ಟರಿನ ಪ್ಲಗ್ಗು ಕಿತ್ತಿರುತ್ತದೆ. ನಮ್ಮ ಮನೆಯಲ್ಲಿ ಕಿತ್ತಿತ್ತು.

ಎರಡೂ ರೂಮಿಗೆ ಒಟ್ಟಿಗೆ ಕೊಳ್ಳಬೇಡಿ. ಮಲಗುವ ರೂಮಿಗೆ ಸೆನ್ಸರ್ ಮಾತ್ರ ಮೊದಲು ಹಾಕಿ, ಎರಡು ವಾರ ಗ್ರಾಫ್ ನೋಡಿ. ಎಷ್ಟೋ ಮನೆಗಳಲ್ಲಿ ಮಧ್ಯಾಹ್ನದಿಂದ ಸಂಜೆ ಬಿಸಿಲು ಇಳಿಯುವವರೆಗೆ ಪಶ್ಚಿಮದ ಕಿಟಕಿಗೆ ದಪ್ಪ ಪರದೆ ಬಿಟ್ಟು ಆಮೇಲೆ ಕಿಟಕಿ ತೆಗೆದರೆ ಎರಡನೇ ಎಸಿ ಬೇಕೇ ಆಗುವುದಿಲ್ಲ. ನೆಸ್ಟನ್ನು ಮಗ ಮುಂದಿನ ಸಲ ಬಂದಾಗ ವಾಪಸ್ ಕೊಟ್ಟುಕಳಿಸಿ. ಡಲ್ಲಾಸಿನ ಗೋಡೆಯಲ್ಲಿ ಅದಕ್ಕೆ ಬೇಕಾದ ತಂತಿ ಇರುತ್ತದೆ. ಹಿಂದಿನ ತಟ್ಟೆ, ತಿರುಪು ಎಲ್ಲ ಅದರ ಡಬ್ಬಿಯಲ್ಲೇ ಜೋಪಾನವಾಗಿ ಇಟ್ಟಿರಿ.